ಮೊದಲ ತಲೆಮಾರಿನ ಕಾಲೇಜು ವಿದ್ಯಾರ್ಥಿ ಯಾರು? ಅಮೆರಿಕದ ವಲಸೆ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಮಕ್ಕಳು ಕಾಲೇಜಿಗೆ ಅರ್ಜಿ ಹಾಕುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: ನಿಮ್ಮ ಅಪ್ಪ ಅಮ್ಮ ಎಲ್ಲಿವರೆಗೆ ಓದಿದ್ದಾರೆ? ಆ ಉತ್ತರ ನೋಡಿ ವಿದ್ಯಾರ್ಥಿಯನ್ನು 'ಫಸ್ಟ್ ಜೆನ್', ಅಂದರೆ ಮೊದಲ ತಲೆಮಾರಿನ ಕಾಲೇಜು ವಿದ್ಯಾರ್ಥಿ, ಎಂದು ಗುರುತಿಸುತ್ತಾರೆ. ಅಲ್ಲೇ ಹುಟ್ಟಿ ಬೆಳೆದವರ ಮನೆಯಲ್ಲಿ ಇದು ಅರ್ಧ ನಿಮಿಷದ ಕೆಲಸ. ವಲಸೆ ಬಂದವರ ಮನೆಯಲ್ಲಿ ಹಾಗಲ್ಲ. ಅಪ್ಪನ ಓದು ಒಂದು ದೇಶದ್ದು, ಫಾರ್ಮಿನ ಪದಗಳು ಇನ್ನೊಂದು ದೇಶದ್ದು. ಇಂಥ ಮನೆಗಳವರ ಜೊತೆ ಕೂತು ಫಾರ್ಮ್ ತುಂಬಿಸುವಾಗ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇಲ್ಲಿವೆ.

ಮೊದಲು ನೇರವಾಗಿ ಹೇಳಿ. ಯಾರು ಫಸ್ಟ್ ಜೆನ್?

ಅಪ್ಪ, ಅಮ್ಮ ಇಬ್ಬರಲ್ಲಿ ಯಾರೂ ಬ್ಯಾಚುಲರ್ಸ್ ಡಿಗ್ರಿ ಮುಗಿಸಿಲ್ಲ ಅಂದರೆ ನೀವು ಫಸ್ಟ್ ಜೆನ್. ನೀವು ಒಬ್ಬರ ಜೊತೆಯಲ್ಲೇ ಬೆಳೆದು, ಅವರೊಬ್ಬರೇ ನಿಮ್ಮನ್ನು ಸಾಕಿದ್ದರೆ, ಅವರ ಓದನ್ನು ಮಾತ್ರ ನೋಡಬೇಕು. ಅಮೆರಿಕದ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನು ಹೇಳುವುದು ಇಷ್ಟೇ. ಕಾಲೇಜುಗಳು ಮಾತ್ರ ಇದಕ್ಕೆ ತಮ್ಮದೇ ಮಾತು ಸೇರಿಸಿಕೊಂಡಿವೆ. ತಲೆನೋವು ಶುರುವಾಗುವುದು ಅಲ್ಲಿಂದ.

ನಮ್ಮ ಮನೆಯಿಂದ ಅಮೆರಿಕಕ್ಕೆ ಬಂದ ಮೊದಲ ತಲೆಮಾರು ನಾವೇ. ಹಾಗಾದರೆ ನಮ್ಮ ಮಗಳು ಫಸ್ಟ್ ಜೆನ್ ಅಲ್ವಾ?

ಜಾಸ್ತಿ ಜನ ಎಡವುವುದು ಇಲ್ಲೇ. 'ಮೊದಲ ತಲೆಮಾರು' ಅನ್ನುವ ಮಾತನ್ನು ಅಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿಗೆ ಬಳಸುತ್ತಾರೆ.

ಒಂದು ವಲಸೆಯ ಲೆಕ್ಕ. ಬೇರೆ ದೇಶದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು ಮೊದಲ ತಲೆಮಾರು. ಅವರಿಗೆ ಅಲ್ಲೇ ಹುಟ್ಟಿದ ಮಕ್ಕಳು ಎರಡನೇ ತಲೆಮಾರು. ಚಿಕ್ಕಂದಿನಲ್ಲೇ ಅಪ್ಪ ಅಮ್ಮನ ಜೊತೆ ಬಂದು ಅಲ್ಲಿನ ಶಾಲೆಯಲ್ಲಿ ಓದಿದ ಮಕ್ಕಳನ್ನು ಸಮಾಜಶಾಸ್ತ್ರಜ್ಞರು '1.5 ತಲೆಮಾರು' ಎನ್ನುತ್ತಾರೆ. ಈ ಮಾತನ್ನು ಬಳಕೆಗೆ ತಂದವರು ರೂಬೆನ್ ರುಂಬಾಟ್. ಅವರೂ ಕ್ಯೂಬಾದಿಂದ ಅಮೆರಿಕಕ್ಕೆ ಬಂದವರೇ.

ಇನ್ನೊಂದು ಓದಿನ ಲೆಕ್ಕ. ಇದರಲ್ಲಿ ಯಾರು ಎಲ್ಲಿ ಹುಟ್ಟಿದರು ಅನ್ನುವ ಪ್ರಶ್ನೆಯೇ ಇಲ್ಲ. ಮೂರು ತಲೆಮಾರಿನಿಂದ ಅಮೆರಿಕದಲ್ಲೇ ಇರುವ ರೈತನ ಮಗನೂ ಫಸ್ಟ್ ಜೆನ್ ಆಗಬಹುದು. ಹೋದ ವರ್ಷ ವಿಮಾನ ಇಳಿದ ಡಾಕ್ಟರ್ ದಂಪತಿಯ ಮಗಳು ಆಗದಿರಬಹುದು. ಹಾಗಾಗಿ ನಿಮ್ಮ ಮಗಳು ಫಸ್ಟ್ ಜೆನ್ ಹೌದೋ ಅಲ್ಲವೋ ಅನ್ನುವುದು ನೀವು ಎಷ್ಟು ಓದಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಯಾವಾಗ ಬಂದಿರಿ ಅನ್ನುವುದರಿಂದ ಏನೂ ಬದಲಾಗುವುದಿಲ್ಲ.

ಈ ಹೆಸರು ಎಲ್ಲಿಂದ ಬಂತು? ಸರ್ಕಾರಕ್ಕೆ ಇದು ಯಾಕೆ ಬೇಕಾಯಿತು?

ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಕಾಲದಲ್ಲಿ ಬಡತನದ ವಿರುದ್ಧ ಹಲವು ಕಾರ್ಯಕ್ರಮಗಳು ಶುರುವಾದವು. 1964ರ ಕಾನೂನಿನಿಂದ 'ಅಪ್‌ವರ್ಡ್ ಬೌಂಡ್' ಹುಟ್ಟಿತು. ಬಡ ಮನೆಯ ಹೈಸ್ಕೂಲ್ ಮಕ್ಕಳನ್ನು ಕಾಲೇಜಿಗೆ ಸಿದ್ಧ ಮಾಡುವುದು ಅದರ ಕೆಲಸ. 1965ರ ನವೆಂಬರ್ 8ರಂದು ಜಾನ್ಸನ್ ಉನ್ನತ ಶಿಕ್ಷಣ ಕಾನೂನಿಗೆ ಸಹಿ ಹಾಕಿದರು. ಸಹಿ ಹಾಕಿದ್ದು ಟೆಕ್ಸಸ್‌ನ ಸ್ಯಾನ್ ಮಾರ್ಕೋಸ್‌ನಲ್ಲಿ, ತಾವೇ ಓದಿದ ಕಾಲೇಜಿನಲ್ಲಿ. ಆ ಕಾನೂನಿನಿಂದ 'ಟ್ಯಾಲೆಂಟ್ ಸರ್ಚ್' ಅನ್ನುವ ಇನ್ನೊಂದು ಕಾರ್ಯಕ್ರಮ ಬಂತು. ಕಾಲೇಜು ಸೇರಿದ ಮಕ್ಕಳಿಗೆ ನೆರವಾಗುವ ಮೂರನೆಯದು 1968ರಲ್ಲಿ ಸೇರಿತು. ಮೂರು ಇದ್ದದ್ದರಿಂದ 'ಟ್ರಿಯೋ' ಅನ್ನುವ ಹೆಸರು ಬಿತ್ತು. ಈಗ ಮೂರಕ್ಕಿಂತ ಜಾಸ್ತಿ ಕಾರ್ಯಕ್ರಮಗಳಿವೆ, ಹೆಸರು ಮಾತ್ರ ಹಾಗೇ ಉಳಿದಿದೆ.

'ಮೊದಲ ತಲೆಮಾರಿನ ಕಾಲೇಜು ವಿದ್ಯಾರ್ಥಿ' ಅನ್ನುವ ಮಾತು ಕಾನೂನಿನೊಳಗೆ ಬಂದದ್ದು 1980ರ ತಿದ್ದುಪಡಿಯಲ್ಲಿ. ಆದಾಯ ಕಡಿಮೆ ಇರುವುದು ಒಂದು ಕಷ್ಟ. ಕಾಲೇಜಿನ ದಾರಿ ಗೊತ್ತಿರುವವರು ಮನೆಯಲ್ಲಿ ಇಲ್ಲದಿರುವುದು ಇನ್ನೊಂದು ಕಷ್ಟ. ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು ಅನ್ನುವ ಯೋಚನೆ ಇದರ ಹಿಂದಿದೆ. 2017ರಿಂದ ಪ್ರತಿ ವರ್ಷ ನವೆಂಬರ್ 8ನ್ನು ಅಲ್ಲಿನ ಕಾಲೇಜುಗಳು ಫಸ್ಟ್ ಜೆನ್ ದಿನವಾಗಿ ಆಚರಿಸುತ್ತಿವೆ.

ಒಂದು ಕಾಲೇಜು ಹೌದು ಅಂದಿತು, ಇನ್ನೊಂದು ಇಲ್ಲ ಅಂದಿತು. ಯಾರು ಸರಿ?

ಇಬ್ಬರೂ ಸರಿ ಇರಬಹುದು. ಮುಖ್ಯವಾಗಿ ಮೂರು ಬಗೆಯ ವಿವರಣೆ ಬಳಕೆಯಲ್ಲಿದೆ. ಮೊದಲನೆಯದು ಬಿಗಿಯಾದದ್ದು: ಅಪ್ಪ ಅಮ್ಮ ಇಬ್ಬರೂ ಹೈಸ್ಕೂಲ್ ದಾಟಿ ಓದಿರಬಾರದು. ಎರಡನೆಯದು ನಡುವಿನದು: ಕಾಲೇಜಿಗೆ ಹೋಗಿರಬಹುದು, ಆದರೆ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯೂ ಸೇರಿದಂತೆ ಯಾವ ಡಿಗ್ರಿಯೂ ಇರಬಾರದು. ಮೂರನೆಯದು ಫೆಡರಲ್ ಕಾನೂನಿನದು: ಬ್ಯಾಚುಲರ್ಸ್ ಇಲ್ಲದಿದ್ದರೆ ಸಾಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ನೋಡುವುದು ಅಪ್ಪ ಅಮ್ಮನಲ್ಲಿ ಯಾರಾದರೂ ನಾಲ್ಕು ವರ್ಷದ ಡಿಗ್ರಿ ಮುಗಿಸಿದ್ದಾರಾ ಅನ್ನುವುದನ್ನು.

ಇದು ಸಣ್ಣ ವ್ಯತ್ಯಾಸ ಅಂದುಕೊಳ್ಳಬೇಡಿ. ಜಾರ್ಜಿಯಾ ವಿಶ್ವವಿದ್ಯಾಲಯದ ರಾಬರ್ಟ್ ಟೌಟ್‌ಕೋಶಿಯನ್ ಮತ್ತು ಅವರ ಜೊತೆಗಾರರು ಒಂದೇ ಗುಂಪಿನ ವಿದ್ಯಾರ್ಥಿಗಳನ್ನು ಎಂಟು ಬೇರೆ ಬೇರೆ ವಿವರಣೆಗಳಿಂದ ಅಳೆದು ನೋಡಿದರು. ಅತಿ ಬಿಗಿ ವಿವರಣೆಯಲ್ಲಿ ಶೇ. 22ರಷ್ಟು ಮಕ್ಕಳು ಮಾತ್ರ ಫಸ್ಟ್ ಜೆನ್ ಆದರು. ಅತಿ ಸಡಿಲ ವಿವರಣೆಯಲ್ಲಿ ಶೇ. 77ರಷ್ಟು! ಮಕ್ಕಳು ಅವರೇ, ಮನೆಗಳು ಅವೇ. ಅಳತೆಗೋಲು ಮಾತ್ರ ಬೇರೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಪ್ರತಿ ಕಾಲೇಜಿನ, ಪ್ರತಿ ಸ್ಕಾಲರ್‌ಶಿಪ್‌ನ ವಿವರಣೆಯನ್ನು ಬೇರೆಯಾಗಿ ಓದಿ. ಒಂದು ಕಡೆ 'ಇಲ್ಲ' ಅಂದರು ಅಂತ ಉಳಿದ ಕಡೆಯೂ ಬಿಟ್ಟುಬಿಡಬೇಡಿ.

ನಮ್ಮ ತಂದೆ ಭಾರತದಲ್ಲಿ ಬಿ.ಇ. ಮುಗಿಸಿದ್ದಾರೆ. ಇಲ್ಲಿ ಆ ಡಿಗ್ರಿಗೆ ಬೆಲೆ ಸಿಗಲಿಲ್ಲ, ಟ್ಯಾಕ್ಸಿ ಓಡಿಸುತ್ತಾರೆ. ನಾನು ಫಸ್ಟ್ ಜೆನ್ ಆಗುತ್ತೇನಾ?

ಈ ಪ್ರಶ್ನೆ ಕೇಳುವ ಮಕ್ಕಳ ಮುಖ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೂ ಇದ್ದದ್ದನ್ನು ಇದ್ದಂತೆ ಹೇಳಬೇಕು.

ಫೆಡರಲ್ ಕಾನೂನಿನಲ್ಲಿ 'ಬ್ಯಾಚುಲರ್ಸ್ ಡಿಗ್ರಿ' ಅಂತ ಮಾತ್ರ ಇದೆ. ಯಾವ ದೇಶದ್ದು ಅಂತ ಬರೆದಿಲ್ಲ. ಆ ಡಿಗ್ರಿಯಿಂದ ಕೆಲಸ ಸಿಕ್ಕಿತೋ ಇಲ್ಲವೋ ಅಂತಲೂ ಕೇಳುವುದಿಲ್ಲ. ಹಾಗಾಗಿ ಬಿ.ಇ. ಮುಗಿಸಿದ ತಂದೆ ಡಿಗ್ರಿ ಪಡೆದ ತಂದೆಯೇ. ಅವರು ಈಗ ಟ್ಯಾಕ್ಸಿ ಓಡಿಸಲಿ, ಅಂಗಡಿಯಲ್ಲಿ ನಿಲ್ಲಲಿ, ಈ ಲೆಕ್ಕದಲ್ಲಿ ನೀವು ಫಸ್ಟ್ ಜೆನ್ ಅಲ್ಲ.

ಆದರೆ ಕೆಲವು ಕಾಲೇಜುಗಳು 'ಅಮೆರಿಕದ ಕಾಲೇಜಿನಿಂದ ಡಿಗ್ರಿ ಪಡೆಯದ ಪೋಷಕರು' ಎಂದು ಬರೆದುಕೊಂಡಿವೆ. ಅಂಥ ಕಡೆ ನೀವು ಸೇರುತ್ತೀರಿ. ವಲಸೆ ಮನೆಗಳ ಮಕ್ಕಳನ್ನು ನೋಡಿಯೇ ಹೀಗೆ ಬರೆಯುತ್ತಾರೆ.

ಎರಡೂ ಕಡೆ ನ್ಯಾಯವಿದೆ ಅನ್ನುವುದು ನನ್ನ ಅನಿಸಿಕೆ. ಬೇರೆ ದೇಶದಲ್ಲಿ ಓದಿದ ಅಪ್ಪನಿಗೆ ಅಮೆರಿಕದ ಕಾಲೇಜಿನ ದಾರಿ ಗೊತ್ತಿಲ್ಲ, ನಿಜ. 'ಕ್ರೆಡಿಟ್' ಅಂದರೇನು, ಮೇಜರ್ ಯಾವಾಗ ಆರಿಸಬೇಕು, ಪ್ರೊಫೆಸರ್ 'ಆಫೀಸ್ ಅವರ್ಸ್' ಇಟ್ಟಿರುವುದು ಯಾತಕ್ಕೆ, ಇದಕ್ಕೆಲ್ಲ ಅವರ ಬಳಿ ಉತ್ತರವಿಲ್ಲ. ಒಂದೇ ಪರೀಕ್ಷೆಯಲ್ಲಿ ಇಡೀ ವರ್ಷದ ಹಣೆಬರಹ ನಿರ್ಧಾರವಾಗುವ ಕಡೆ ಓದಿದವರು ಅವರು. ವಾರ ವಾರ ಬರುವ ಮನೆಗೆಲಸಕ್ಕೂ ಅಂಕ ಇರುತ್ತದೆ ಅನ್ನುವುದು ಅವರಿಗೆ ಹೊಸದು.

ಆದರೆ ಅದೇ ಅಪ್ಪ ಮಗಳ ಜೊತೆ ಕೂತು ಕ್ಯಾಲ್ಕುಲಸ್ ಬಿಡಿಸಬಲ್ಲರು. ಇಂಜಿನಿಯರಿಂಗ್ ಓದುವುದು ಅಂದರೆ ಎಷ್ಟು ಕಷ್ಟ ಅಂತ ಅವರಿಗೆ ಗೊತ್ತು. ಆ ಮನೆಯಲ್ಲಿ 'ಕಾಲೇಜಿಗೆ ಹೋಗಬೇಕಾ?' ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಏಳನೇ ತರಗತಿಗೆ ಓದು ಬಿಟ್ಟ ಅಮ್ಮನ ಮಗಳಿಗೆ ಈ ಆಸರೆ ಇಲ್ಲ. ಅವಳು ಪ್ರತಿ ಹೆಜ್ಜೆಯನ್ನೂ ತಾನೇ ಊಹಿಸಿಕೊಂಡು ಇಡಬೇಕು. ಇಬ್ಬರಿಗೂ ನೆರವು ಬೇಕು, ಆದರೆ ಇಬ್ಬರ ಕಷ್ಟ ಒಂದೇ ಅಲ್ಲ. ಒಂದೇ ಹೆಸರಿನಡಿ ಇಬ್ಬರನ್ನೂ ತುರುಕಿದರೆ ನಷ್ಟ ಆಗುವುದು ಆ ಎರಡನೇ ಹುಡುಗಿಗೆ.

ನಮ್ಮ ಅಮ್ಮ 'ನಾನು ಕಾಲೇಜಿಗೆ ಹೋಗಿದ್ದೆ' ಅನ್ನುತ್ತಾರೆ. ಓದಿದ್ದು ಪಿಯುಸಿವರೆಗೆ. ಏನು ಬರೆಯಲಿ?

ಕನ್ನಡದ ಮನೆಗಳಲ್ಲಿ ನಾನು ಅತಿ ಹೆಚ್ಚು ಸಲ ತಿದ್ದಿರುವ ತಪ್ಪು ಇದೇ. ದಯವಿಟ್ಟು ನಿಧಾನವಾಗಿ ಓದಿ.

ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ 'ಕಾಲೇಜು' ಶುರು. ಪಿಯು ಕಾಲೇಜು ಅಂತಲೇ ಅದರ ಹೆಸರು. ಯೂನಿಫಾರ್ಮ್ ಬಿಟ್ಟು ಹೋದ ಮೊದಲ ದಿನ, ಲೆಕ್ಚರರ್ ಅಂತ ಕರೆದ ಮೊದಲ ಮೇಷ್ಟ್ರು, ಎಲ್ಲ ಅಲ್ಲಿನದೇ ನೆನಪು. ಆದ್ದರಿಂದ 'ಅಪ್ಪ ಅಮ್ಮ ಕಾಲೇಜಿಗೆ ಹೋಗಿದ್ದಾರಾ?' ಅಂತ ಫಾರ್ಮ್ ಕೇಳಿದರೆ ಪಿಯುಸಿ ಓದಿದ ಅಮ್ಮ 'ಹೌದು' ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಪದವೇ ಬೇರೆ.

ಅಮೆರಿಕದಲ್ಲಿ 12ನೇ ತರಗತಿಯವರೆಗೂ ಹೈಸ್ಕೂಲ್. ಪ್ರಥಮ ಪಿಯುಸಿ ಅಲ್ಲಿನ 11ನೇ ತರಗತಿ, ದ್ವಿತೀಯ ಪಿಯುಸಿ 12ನೇ ತರಗತಿ. ಆದ್ದರಿಂದ ಪಿಯುಸಿ ಪಾಸಾದ ಅಮ್ಮನ ಎದುರು ಬರೆಯಬೇಕಾದದ್ದು 'ಹೈಸ್ಕೂಲ್ ಮುಗಿಸಿದ್ದಾರೆ' ಅಂತ. ಅಪ್ಪನೂ ಡಿಗ್ರಿ ಮಾಡಿಲ್ಲದಿದ್ದರೆ ನೀವು ಫಸ್ಟ್ ಜೆನ್. ಅಪ್ಪನ ಓದೂ ಪಿಯುಸಿಗೇ ನಿಂತಿದ್ದರೆ ಅತಿ ಬಿಗಿ ವಿವರಣೆಯಲ್ಲೂ ಸೇರುತ್ತೀರಿ.

ಈ ಗೊಂದಲ ಕನ್ನಡಿಗರದ್ದು ಮಾತ್ರ ಅಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ 'ಕೊಲೇಹಿಯೋ' ಅಂದರೆ ಶಾಲೆ. ಆ ಮನೆಗಳಲ್ಲೂ ಇದೇ ತಪ್ಪಾಗುತ್ತದೆ. ಒಂದು ಪದದಿಂದ ಮಗುವಿಗೆ ಸಿಗಬೇಕಾದ ನೆರವು ತಪ್ಪಿಹೋದರೆ ಎಷ್ಟು ಬೇಜಾರು, ಅಲ್ವಾ? ಹಾಗಾಗಿ ಅಮ್ಮನನ್ನು 'ಕಾಲೇಜಿಗೆ ಹೋಗಿದ್ದೆಯಾ?' ಅಂತ ಕೇಳಬೇಡಿ. 'ಕೊನೆಗೆ ಪಾಸಾದ ಪರೀಕ್ಷೆ ಯಾವುದು?' ಅಂತ ಕೇಳಿ.

ಡಿಪ್ಲೊಮಾ, ಐಟಿಐ, ಟಿಸಿಎಚ್ ಇವೆಲ್ಲ ಡಿಗ್ರಿಯಾ?

ಅಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್‌ನಲ್ಲಿ ಮಾಡುವ ಮೂರು ವರ್ಷದ ಡಿಪ್ಲೊಮಾ ಬ್ಯಾಚುಲರ್ಸ್ ಅಲ್ಲ. ಐಟಿಐ ಕಸುಬಿನ ತರಬೇತಿ. ಟಿಸಿಎಚ್ ಮಾಡಿ ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದ ಅಮ್ಮಂದಿರಿದ್ದಾರೆ. ಅವರ ಅನುಭವ ದೊಡ್ಡದು, ಆದರೆ ಅದು ಶಿಕ್ಷಕರ ತರಬೇತಿಯ ಸರ್ಟಿಫಿಕೇಟ್, ಡಿಗ್ರಿಯಲ್ಲ. ಬಿ.ಎಡ್. ಹಾಗಲ್ಲ. ಬಿ.ಎಡ್. ಮಾಡಿದ್ದಾರೆ ಅಂದರೆ ಅದಕ್ಕೆ ಮೊದಲು ಡಿಗ್ರಿ ಆಗಿರುತ್ತದೆ.

ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ 'ಕಾಮನ್ ಆ್ಯಪ್'ನಲ್ಲಿ ಪೋಷಕರ ಓದಿಗೆ ಹಲವು ಮೆಟ್ಟಿಲುಗಳಿವೆ. ಕಸುಬಿನ ಶಾಲೆ ಅಥವಾ ಕಮ್ಯುನಿಟಿ ಕಾಲೇಜು ಮುಗಿಸಿದವರಿಗೆ ಒಂದು, ವಿಶ್ವವಿದ್ಯಾಲಯದ ಡಿಗ್ರಿ ಮುಗಿಸಿದವರಿಗೆ ಬೇರೊಂದು. ಡಿಪ್ಲೊಮಾದವರು ಮೊದಲನೆಯದಕ್ಕೆ ಹತ್ತಿರ.

ಅಪ್ಪ ಬಿ.ಕಾಂ. ಮಾಡಿದ್ದಾರೆ. ಅದು ಮೂರೇ ವರ್ಷ. 'ನಾಲ್ಕು ವರ್ಷದ ಡಿಗ್ರಿ' ಅಂತ ಕೇಳಿದ್ದಾರಲ್ಲ?

ಫೆಡರಲ್ ಕಾನೂನಿನಲ್ಲಿ ವರ್ಷದ ಲೆಕ್ಕ ಇಲ್ಲ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಎಲ್ಲವೂ ಬ್ಯಾಚುಲರ್ಸ್ ಡಿಗ್ರಿಗಳೇ. 'ಮೂರೇ ವರ್ಷ' ಅನ್ನುವ ತಕರಾರು ಜಾಸ್ತಿ ಬರುವುದು ಭಾರತದಲ್ಲಿ ಓದಿದವರು ಅಮೆರಿಕದಲ್ಲಿ ಮಾಸ್ಟರ್ಸ್‌ಗೆ ಸೇರುವಾಗ, ಅಥವಾ ಲೈಸೆನ್ಸ್ ಬೇಕಾದ ಕೆಲಸಕ್ಕೆ ಹೋಗುವಾಗ. ಅದು ಬೇರೆ ಲೆಕ್ಕ.

ಕಾಲೇಜೊಂದು 'ನಾಲ್ಕು ವರ್ಷದ ಡಿಗ್ರಿ' ಎಂದೇ ಬರೆದಿದ್ದರೆ, ನೀವೇ ಅರ್ಥ ಮಾಡಿಕೊಂಡು ಟಿಕ್ ಹಾಕಬೇಡಿ. ಕೇಳಿ ಬರೆಯಿರಿ. ಕೇಳದೆ ನಮಗೆ ಅನುಕೂಲವಾದ ಅರ್ಥ ಹಚ್ಚಿಕೊಳ್ಳುವುದು ಸರಿಯಲ್ಲ.

ಮಾವ ಡಿಗ್ರಿ ಕೊನೇ ವರ್ಷದವರೆಗೆ ಓದಿ ಎರಡು ಸಬ್ಜೆಕ್ಟ್ ಉಳಿಸಿಕೊಂಡರು. ಅವರ ಮಕ್ಕಳು?

ಮಕ್ಕಳು ಫೆಡರಲ್ ಲೆಕ್ಕದಲ್ಲಿ ಫಸ್ಟ್ ಜೆನ್, ಅತ್ತೆಯೂ ಡಿಗ್ರಿ ಮಾಡಿಲ್ಲದಿದ್ದರೆ. ಕಾನೂನು ಕೇಳುವುದು 'ಮುಗಿಸಿದರಾ' ಅಂತ. ಬಿಗಿ ವಿವರಣೆ ಇರುವ ಕಾಲೇಜಿನಲ್ಲಿ ಮಾತ್ರ ಇವರು ಸೇರುವುದಿಲ್ಲ.

ಉಲ್ಟಾ ಕೇಸೂ ಉಂಟು. ಎಲ್ಲ ಸಬ್ಜೆಕ್ಟ್ ಪಾಸಾಗಿ, ಘಟಿಕೋತ್ಸವದ ಸರ್ಟಿಫಿಕೇಟ್ ತರಲು ಹೋಗದೇ ಇದ್ದವರು ಡಿಗ್ರಿ ಮುಗಿಸಿದವರೇ.

ಮುಕ್ತ ವಿಶ್ವವಿದ್ಯಾಲಯದಿಂದ, ಮನೆಯಲ್ಲೇ ಕೂತು ಓದಿ ಪಡೆದ ಡಿಗ್ರಿ?

ಅದೂ ಡಿಗ್ರಿಯೇ. ಸಂಜೆ ಕಾಲೇಜಿನದೂ ಡಿಗ್ರಿಯೇ.

ನಮ್ಮ ಅಕ್ಕ ಆಗಲೇ ಕಾಲೇಜಿನಲ್ಲಿದ್ದಾಳೆ. ಮನೆಗೆ ಮೊದಲನೆಯವಳು ಅವಳು. ನಾನು?

ನೀವೂ ಹೌದು. ಲೆಕ್ಕ ತಲೆಮಾರಿನದು, ಅಕ್ಕ ತಂಗಿ ಒಂದೇ ತಲೆಮಾರು. ಅಜ್ಜ ವಕೀಲರಾಗಿದ್ದರು, ಚಿಕ್ಕಪ್ಪ ಪಿಎಚ್‌ಡಿ ಮಾಡಿದ್ದಾರೆ ಅನ್ನುವುದೂ ಲೆಕ್ಕಕ್ಕೆ ಬರುವುದಿಲ್ಲ. ಅಪ್ಪ ಅಮ್ಮ ಮಾತ್ರ.

ಅಪ್ಪ ಡಿಗ್ರಿ ಮಾಡಿದವರು, ಆದರೆ ನಮ್ಮ ಜೊತೆ ಇಲ್ಲ. ಅಮ್ಮನೇ ಸಾಕಿದ್ದು.

ಹಾಗಾದರೆ ಅಮ್ಮನ ಓದನ್ನು ಮಾತ್ರ ನೋಡಿ. ಕಾನೂನಿನಲ್ಲೇ ಇದಕ್ಕೆ ಜಾಗ ಇದೆ: ಮಗು ಒಬ್ಬರ ಜೊತೆಯಲ್ಲೇ ವಾಸವಿದ್ದು, ಅವರ ಆಸರೆಯಲ್ಲೇ ಬೆಳೆದಿರಬೇಕು. ಅಪ್ಪ ಇನ್ನೊಂದು ದೇಶದಲ್ಲಿದ್ದು ತಿಂಗಳು ತಿಂಗಳು ಹಣ ಕಳಿಸುತ್ತಿದ್ದರೆ, ರಜೆಯಲ್ಲಿ ಮಗು ಅಲ್ಲಿಗೆ ಹೋಗಿ ಬರುತ್ತಿದ್ದರೆ, ಮಾತು ಅಷ್ಟು ಸಲೀಸಲ್ಲ. ವಲಸೆ ಮನೆಗಳಲ್ಲಿ ಇದು ಅಪರೂಪವೂ ಅಲ್ಲ. ಮನೆಯ ಪರಿಸ್ಥಿತಿಯನ್ನು ಎರಡು ಸಾಲಿನಲ್ಲಿ ಬರೆದು ಕಾಲೇಜನ್ನೇ ಕೇಳುವುದು ಒಳ್ಳೆಯದು.

ಅಜ್ಜಿ ತಾತನೇ ಸಾಕಿದ ಮಕ್ಕಳು, ಮಲತಂದೆ ಇರುವ ಮಕ್ಕಳೂ ಹೀಗೇ ಕೇಳಿಕೊಳ್ಳಬೇಕು. ದತ್ತು ತೆಗೆದುಕೊಂಡವರು ಕಾನೂನಿನ ಪ್ರಕಾರ ತಂದೆ ತಾಯಿಯೇ, ಅದರಲ್ಲಿ ಅನುಮಾನವಿಲ್ಲ.

ಅಮ್ಮ ಈಗ ಕಮ್ಯುನಿಟಿ ಕಾಲೇಜಿನಲ್ಲಿ ಓದುತ್ತಿದ್ದಾರೆ. ಅದರಿಂದ ನನಗೆ ತೊಂದರೆಯಾ?

ಫೆಡರಲ್ ಲೆಕ್ಕದಲ್ಲಿ ಖಂಡಿತ ಇಲ್ಲ. ಅವರು ಓದಲಿ! ಕಮ್ಯುನಿಟಿ ಕಾಲೇಜಿನಲ್ಲಿ ಸಿಗುವುದು ಹೆಚ್ಚಾಗಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ. ಅದರಿಂದ ಫೆಡರಲ್ ಲೆಕ್ಕ ಬದಲಾಗುವುದಿಲ್ಲ. ಬಿಗಿ ಅಥವಾ ನಡುವಿನ ವಿವರಣೆ ಇರುವ ಕಾಲೇಜನ್ನು ಮಾತ್ರ ಕೇಳಿಕೊಳ್ಳಿ. ಅಮ್ಮನ ಅಪ್ಪ ಅಮ್ಮ ಡಿಗ್ರಿ ಮಾಡಿಲ್ಲದಿದ್ದರೆ ಅವರೂ ಫಸ್ಟ್ ಜೆನ್ ವಿದ್ಯಾರ್ಥಿನಿಯೇ. ತಾಯಿ ಮಗಳು ಇಬ್ಬರೂ ಫಸ್ಟ್ ಜೆನ್ ಆಗಿರಬಹುದು. ಟ್ರಿಯೋ ಕಚೇರಿ ಅವರ ಕಾಲೇಜಿನಲ್ಲೂ ಇದೆಯಾ ಅಂತ ವಿಚಾರಿಸಿ.

ನಾವು ಎಚ್-4 ವೀಸಾದಲ್ಲಿದ್ದೇವೆ. ಗ್ರೀನ್ ಕಾರ್ಡ್ ಬಂದಿಲ್ಲ. ಇದೆಲ್ಲ ನಮಗೆ ಅನ್ವಯಿಸುತ್ತಾ?

ಎಚ್-4 ಅಂದರೆ ಅಮೆರಿಕಕ್ಕೆ ಕೆಲಸದ ವೀಸಾದಲ್ಲಿ ಬಂದವರ ಗಂಡ, ಹೆಂಡತಿ, ಮಕ್ಕಳಿಗೆ ಸಿಗುವ ವೀಸಾ. ಇಲ್ಲಿ ಎರಡು ವಿಷಯ ಬೇರೆ ಮಾಡಿಕೊಳ್ಳಿ. ಫಸ್ಟ್ ಜೆನ್ ಅನ್ನುವ ಗುರುತು ಒಂದು. ಸರ್ಕಾರದ ಹಣ ಇನ್ನೊಂದು.

ಗುರುತಿಗೆ ವೀಸಾ ಅಡ್ಡ ಬರುವುದಿಲ್ಲ. ಅಪ್ಪ ಅಮ್ಮ ಡಿಗ್ರಿ ಮಾಡಿಲ್ಲ ಅಂದರೆ ಎಚ್-4 ಮಗುವೂ, ಎಫ್-1 ವೀಸಾದಲ್ಲಿ ಬಂದ ವಿದ್ಯಾರ್ಥಿಯೂ ಕಾಲೇಜಿನ ಅರ್ಜಿಯಲ್ಲಿ ಹಾಗೆ ಹೇಳಿಕೊಳ್ಳಬಹುದು. ಕಾಲೇಜು ತನ್ನ ಸ್ವಂತ ಹಣದಿಂದ ನಡೆಸುವ ಫಸ್ಟ್ ಜೆನ್ ಕಾರ್ಯಕ್ರಮಕ್ಕೆ ಇವರನ್ನು ಸೇರಿಸಿಕೊಳ್ಳಬಹುದು.

ಫೆಡರಲ್ ಹಣಕ್ಕೆ ವೀಸಾ ಅಡ್ಡ ಬರುತ್ತದೆ. ಪೆಲ್ ಗ್ರಾಂಟ್ (ಕಡಿಮೆ ಆದಾಯದ ಮನೆಯ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ಸಹಾಯಧನ), ಫೆಡರಲ್ ಸಾಲ, ಟ್ರಿಯೋ ನೆರವು ಇವೆಲ್ಲ ಅಮೆರಿಕದ ನಾಗರಿಕರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮತ್ತು ಕಾನೂನು ಗುರುತಿಸಿದ ಕೆಲವೇ ಬೇರೆ ಗುಂಪಿನವರಿಗೆ. ಎಚ್-4, ಎಫ್-1, 2012ರಲ್ಲಿ ಶುರುವಾದ 'ಡಾಕಾ' (ಚಿಕ್ಕಂದಿನಲ್ಲಿ ಬಂದು ದಾಖಲೆ ಇಲ್ಲದೆ ಇರುವವರನ್ನು ಸದ್ಯಕ್ಕೆ ಗಡೀಪಾರು ಮಾಡದಿರುವ ವ್ಯವಸ್ಥೆ) ರಕ್ಷಣೆಯಲ್ಲಿ ಇರುವವರು ಅದರಲ್ಲಿ ಬರುವುದಿಲ್ಲ. ಎಚ್-4 ಮಕ್ಕಳಿಗೆ ಇನ್ನೊಂದು ಎಚ್ಚರಿಕೆ: 21 ವರ್ಷ ತುಂಬಿದರೆ ಆ ವೀಸಾ ನಿಲ್ಲುತ್ತದೆ. ಸಾಮಾನ್ಯವಾಗಿ ಇದು ಕಾಲೇಜಿನ ನಡುವೆಯೇ ಬರುತ್ತದೆ. ಮೊದಲ ವರ್ಷದಲ್ಲೇ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯವರ ಹತ್ತಿರ ಮಾತಾಡಿ ಇಟ್ಟುಕೊಳ್ಳಿ.

ಅಮೆರಿಕದಲ್ಲೇ ಹುಟ್ಟಿದ ಮಗುವಿನ ಮಾತು ಬೇರೆ. ಮಗು ನಾಗರಿಕ. ಅಪ್ಪ ಅಮ್ಮ ಯಾವ ವೀಸಾದಲ್ಲಿದ್ದರೂ ಮಗುವಿನ ಹಕ್ಕು ಹೋಗುವುದಿಲ್ಲ. ಪೋಷಕರಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೂ 'ಫಾಫ್ಸಾ', ಅಂದರೆ ಫೆಡರಲ್ ಹಣಕ್ಕೆ ಹಾಕುವ ಅರ್ಜಿಯ, ಫಾರ್ಮಿನಲ್ಲಿ ತಮ್ಮ ಭಾಗ ತುಂಬಲು ದಾರಿ ಇದೆ.

ಫಾಫ್ಸಾದಲ್ಲಿ ಪೋಷಕರ ಓದು ಕೇಳುತ್ತಾರೆ. ಫಸ್ಟ್ ಜೆನ್ ಅಂದರೆ ಜಾಸ್ತಿ ಹಣ ಸಿಗುತ್ತಾ?

ಫೆಡರಲ್ ಹಣ ಜಾಸ್ತಿಯಾಗುವುದಿಲ್ಲ. ಪೆಲ್ ಗ್ರಾಂಟ್ ಲೆಕ್ಕ ಹಾಕುವುದು ಮನೆಯ ಆದಾಯ, ಮನೆಯಲ್ಲಿರುವ ಜನ ಇಂಥವನ್ನು ನೋಡಿ. 2024–25ರಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರ್ ಇತ್ತು. ಫಸ್ಟ್ ಜೆನ್ ಹೌದಾದರೂ ಅಲ್ಲದಿದ್ದರೂ ಆ ಲೆಕ್ಕ ಒಂದೇ. ಓದಿನ ಪ್ರಶ್ನೆ ಇರುವುದು ಕೆಲವು ರಾಜ್ಯಗಳು, ಕಾಲೇಜುಗಳು ಅದನ್ನು ನೋಡಿ ನೆರವು ಕೊಡುತ್ತವೆ ಅನ್ನುವ ಕಾರಣಕ್ಕೆ.

ಅರ್ಜಿ ಶುಲ್ಕದ ಮಾಫಿಯೂ ಹೆಚ್ಚಾಗಿ ಆದಾಯದ ಮೇಲೆಯೇ. ಫಸ್ಟ್ ಜೆನ್ ಅಂದ ಮಾತ್ರಕ್ಕೆ ಬಡವರು ಅಂತಲ್ಲ, ಬಡವರೆಲ್ಲ ಫಸ್ಟ್ ಜೆನ್ ಅಂತಲೂ ಅಲ್ಲ.

ಹಾಗಾದರೆ ಈ ಗುರುತಿನಿಂದ ಏನು ಸಿಗುತ್ತದೆ?

ಸಿಗುವುದು ಮುಖ್ಯವಾಗಿ ಜನ. ದಾರಿ ತೋರಿಸುವ ಜನ.

ಟ್ರಿಯೋದಲ್ಲಿ 'ಸ್ಟೂಡೆಂಟ್ ಸಪೋರ್ಟ್ ಸರ್ವಿಸಸ್' ಅಂತ ಒಂದು ಕಾರ್ಯಕ್ರಮ ಇದೆ. ಪಾಠ ಹೇಳಿಕೊಡುವುದು, ಯಾವ ಕೋರ್ಸ್ ಯಾವಾಗ ತೆಗೆದುಕೊಳ್ಳಬೇಕು ಅಂತ ಹೇಳುವುದು, ಹಣದ ಫಾರ್ಮ್ ತುಂಬಿಸುವುದು, ಎಲ್ಲ ಉಚಿತ. ಸೇರಿಸಿಕೊಳ್ಳುವವರಲ್ಲಿ ಮೂರರಲ್ಲಿ ಎರಡು ಪಾಲು ಕಡಿಮೆ ಆದಾಯದ ಫಸ್ಟ್ ಜೆನ್ ಮಕ್ಕಳು ಅಥವಾ ಅಂಗವಿಕಲ ವಿದ್ಯಾರ್ಥಿಗಳು ಇರಬೇಕು ಅನ್ನುವ ನಿಯಮವಿದೆ. ಕಡಿಮೆ ಆದಾಯ ಅಂದರೆ ತೆರಿಗೆಗೆ ಒಳಪಡುವ ಆದಾಯ ಬಡತನ ರೇಖೆಯ ಶೇ. 150 ದಾಟಬಾರದು. ಪಿಎಚ್‌ಡಿವರೆಗೆ ಓದುವ ಆಸೆ ಇರುವವರಿಗೆ ಮೆಕ್‌ನೇರ್ ಕಾರ್ಯಕ್ರಮ ಇದೆ. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದಲ್ಲಿ ತೀರಿಕೊಂಡ ಭೌತವಿಜ್ಞಾನಿ ರೊನಾಲ್ಡ್ ಮೆಕ್‌ನೇರ್ ಅವರ ಹೆಸರು ಅದಕ್ಕೆ.

ಇದರ ಜೊತೆಗೆ ಎಷ್ಟೋ ಕಾಲೇಜುಗಳಲ್ಲಿ ತಮ್ಮದೇ ಫಸ್ಟ್ ಜೆನ್ ಕಚೇರಿ ಇರುತ್ತದೆ. ಅಲ್ಲಿ ಸೀನಿಯರ್ ಒಬ್ಬರು ನಿಮ್ಮ ಜೊತೆ ಕೂತು ಸಿಲಬಸ್ ಓದುವುದು ಹೇಗೆ ಅಂತ ಹೇಳಿಕೊಡುತ್ತಾರೆ. ಸಣ್ಣ ವಿಷಯ ಅನಿಸಬಹುದು. ಯಾರೂ ಹೇಳಿಕೊಡದೆ ಮೊದಲ ಸೆಮಿಸ್ಟರ್‌ನಲ್ಲಿ ಒದ್ದಾಡುವ ಮಗುವಿಗೆ ಅದು ಸಣ್ಣದಲ್ಲ.

ನಮ್ಮ ಅಪ್ಪ ಅಮ್ಮನಿಗೆ ಡಿಗ್ರಿ ಇದೆ, ಆದರೆ ಅಮೆರಿಕದ ಕಾಲೇಜಿನ ಬಗ್ಗೆ ಏನೂ ಗೊತ್ತಿಲ್ಲ. ಎಲ್ಲ ನಾನೇ ಹುಡುಕಿಕೊಳ್ಳಬೇಕು. ಇದನ್ನು ಎಲ್ಲಿ ಹೇಳಲಿ?

ಪ್ರಬಂಧದಲ್ಲಿ ಹೇಳಿ. ಅರ್ಜಿಯ 'ಹೆಚ್ಚುವರಿ ಮಾಹಿತಿ' ಜಾಗದಲ್ಲಿ ಹೇಳಿ. ಟಿಕ್ ಹಾಕುವ ಚೌಕದಲ್ಲಿ ಹಿಡಿಯದ ಕಥೆಗೆ ಅಲ್ಲಿ ಜಾಗ ಇದೆ. ಅಪ್ಪ ಅಲ್ಲಿ ಲೆಕ್ಚರರ್ ಆಗಿದ್ದರು, ಇಲ್ಲಿ ರಾತ್ರಿ ಪಾಳಿಯ ಗೋದಾಮಿನಲ್ಲಿ ಕೆಲಸ ಮಾಡುತ್ತಾರೆ, ಮನೆಯ ತೆರಿಗೆ ಪತ್ರ, ವಿಮೆ ಪತ್ರ ಎಲ್ಲ ನಾನೇ ಓದಿ ಹೇಳಬೇಕು ಅಂತ ಬರೆಯಿರಿ. ಅರ್ಜಿ ಓದುವವರಿಗೆ ಇದು ಒಂದು ಟಿಕ್‌ಗಿಂತ ಎಷ್ಟೋ ಜಾಸ್ತಿ ಹೇಳುತ್ತದೆ. ಆದರೆ ಚೌಕದಲ್ಲಿ ಅಪ್ಪನ ಡಿಗ್ರಿ ಅಡಗಿಸಬೇಡಿ.

ಅಡಗಿಸಿದರೆ ಯಾರಿಗೆ ಗೊತ್ತಾಗುತ್ತದೆ?

ಸಾಮಾನ್ಯವಾಗಿ ಪೋಷಕರ ಓದಿಗೆ ದಾಖಲೆ ಕೇಳುವುದಿಲ್ಲ, ವಿದ್ಯಾರ್ಥಿಯ ಸಹಿಯನ್ನೇ ನಂಬುತ್ತಾರೆ. ನಂಬುತ್ತಾರೆ ಅನ್ನುವ ಕಾರಣಕ್ಕೇ ಹಾಗೆ ಮಾಡಬಾರದು. ಕಾನೂನಿನ ಮಾತೂ ಕೇಳಿ: ಫೆಡರಲ್ ನೆರವಿಗೆ ಬೇಕಂತಲೇ ಸುಳ್ಳು ಮಾಹಿತಿ ಕೊಟ್ಟರೆ 20,000 ಡಾಲರ್‌ವರೆಗೆ ದಂಡ, ಜೈಲು, ಅಥವಾ ಎರಡೂ ಆಗಬಹುದು. ಕಾಲೇಜು ಕೊಟ್ಟ ಸೀಟನ್ನೂ ಹಿಂತೆಗೆದುಕೊಳ್ಳಬಹುದು. ಗ್ರೀನ್ ಕಾರ್ಡ್‌ಗಾಗಿ ಕಾಯುತ್ತಿರುವ ಮನೆಗೆ ಇಂಥ ಒಂದು ಸುಳ್ಳು ಎಷ್ಟು ದುಬಾರಿ ಅಂತ ನೀವೇ ಯೋಚಿಸಿ.

ಗೊತ್ತಿಲ್ಲದೆ ತಪ್ಪು ಬರೆದಿದ್ದರೆ ಹೆದರಬೇಡಿ. ಕಾಲೇಜಿಗೆ ತಿಳಿಸಿ, ತಿದ್ದಿಸಿ.

ನಾನು ತಾಯಿ. ಮಗನ ಮಾರ್ಕ್ಸ್ ಕೇಳಲು ಕಾಲೇಜಿಗೆ ಫೋನ್ ಮಾಡಿದರೆ ಹೇಳಲು ಆಗುವುದಿಲ್ಲ ಅಂದರು. ಯಾಕೆ?

1974ರ 'ಫರ್ಪಾ' ಕಾನೂನು ಕಾರಣ. ಮಗು ಕಾಲೇಜು ಸೇರಿದ ಮೇಲೆ ಅದರ ದಾಖಲೆಗಳ ಹಕ್ಕು ಮಗುವಿನದು. ಫೀಸ್ ಕಟ್ಟುವವರು ನೀವೇ ಆದರೂ, ಸಾಮಾನ್ಯವಾಗಿ ಮಗ ಬರೆದು ಒಪ್ಪಿಗೆ ಕೊಟ್ಟರೆ ಮಾತ್ರ ಹೇಳುತ್ತಾರೆ. ನಿಮ್ಮ ಇಂಗ್ಲಿಷ್ ಕೇಳಿ ಹಾಗಂದರು ಅಂತ ದಯವಿಟ್ಟು ನೊಂದುಕೊಳ್ಳಬೇಡಿ. ಎಲ್ಲ ಅಪ್ಪ ಅಮ್ಮಂದಿರಿಗೂ ಇದೇ ಉತ್ತರ ಸಿಗುತ್ತದೆ. ಮಗನಿಗೆ ಕಾಲೇಜಿನ ವೆಬ್‌ಸೈಟಿನಲ್ಲಿ ಒಪ್ಪಿಗೆ ಫಾರ್ಮ್ ಇದೆಯಾ ನೋಡಲು ಹೇಳಿ. ಅದಕ್ಕಿಂತ ಮೊದಲು ಅವನ ಜೊತೆ ಕೂತು ಮಾತಾಡಿ.

ಅಮ್ಮನಿಗೆ ತಾನು ಎಷ್ಟು ಓದಿದ್ದೇನೆ ಅಂತ ಹೇಳಲು ಮುಜುಗರ. ಕೇಳಿದರೆ ಮಾತು ಬದಲಿಸುತ್ತಾರೆ.

ನನ್ನ ಎದುರಿಗೇ ಒಬ್ಬರು ತಾಯಿ ಹೀಗೆ ಮಾಡಿದ್ದರು. ಮಗಳು ಕೇಳಿದಾಗ 'ಹೈಸ್ಕೂಲ್ ಅಂತ ಬರಿ' ಅಂದರು. ಮಗಳು ನೀರು ತರಲು ಒಳಗೆ ಹೋದಾಗ ನನಗೆ ಮಾತ್ರ ಕೇಳುವ ಹಾಗೆ 'ಏಳನೇ ಕ್ಲಾಸು' ಅಂದರು. ಮಗಳಿಗೆ ಆ ದಿನದವರೆಗೂ ಗೊತ್ತಿರಲಿಲ್ಲ.

ಅವಸರ ಮಾಡಬೇಡಿ. ಎಲ್ಲರ ಎದುರಿಗೆ, ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೇಳಬೇಡಿ. ಅಡುಗೆ ಮಾಡುವಾಗಲೋ ಬಟ್ಟೆ ಮಡಿಸುವಾಗಲೋ ಅವರ ಶಾಲೆಯ ಬಗ್ಗೆ ಕೇಳಿ. ಶಾಲೆ ಎಷ್ಟು ದೂರ ಇತ್ತು, ಯಾಕೆ ಬಿಡಿಸಿದರು, ಯಾವ ಪಾಠ ಇಷ್ಟ ಇತ್ತು. ಈ ಉತ್ತರದಿಂದ ನನಗೆ ಅನುಕೂಲ ಆಗುತ್ತದೆ, ನಿನಗೆ ಅವಮಾನ ಇಲ್ಲ ಅಂತಲೂ ತಿಳಿಸಿ. ಆಮೇಲೂ ಹೇಳಲು ಇಷ್ಟವಿಲ್ಲ ಅಂದರೆ ಫಾಫ್ಸಾದಲ್ಲಿ ಆ ಪ್ರಶ್ನೆಗೆ 'ಗೊತ್ತಿಲ್ಲ' ಅನ್ನುವ ಆಯ್ಕೆಯೂ ಇದೆ.

ನಮ್ಮ ಕೇಸ್ ಯಾವುದಕ್ಕೂ ಹೊಂದುತ್ತಿಲ್ಲ. ಕಾಲೇಜಿಗೆ ಏನಂತ ಬರೆದು ಕೇಳಲಿ?

ಅಡ್ಮಿಷನ್ ಕಚೇರಿಗೆ ಒಂದು ಸಣ್ಣ ಇಮೇಲ್ ಸಾಕು. ಅದರಲ್ಲಿ ಇಷ್ಟು ಇರಲಿ: ಅಪ್ಪ ಯಾವ ದೇಶದಲ್ಲಿ, ಯಾವ ತರಗತಿ ಅಥವಾ ಕೋರ್ಸ್‌ವರೆಗೆ ಓದಿದರು, ಅದು ಎಷ್ಟು ವರ್ಷದ್ದು, ಮುಗಿಸಿದರಾ. ಅಮ್ಮನದೂ ಹಾಗೇ. ನೀವು ಯಾರ ಜೊತೆ ಬೆಳೆದಿರಿ. ಕೊನೆಗೆ ನೇರ ಪ್ರಶ್ನೆ: ನಿಮ್ಮ ಕಾಲೇಜಿನ ವಿವರಣೆಯಲ್ಲಿ ನಾನು ಫಸ್ಟ್ ಜೆನ್ ಆಗುತ್ತೇನಾ?

ಪಿಯುಸಿ, ಡಿಪ್ಲೊಮಾ ಅಂತ ಸುಮ್ನೆ ಹೆಸರು ಬರೆದರೆ ಅವರಿಗೆ ಅರ್ಥವಾಗದು. 'ಪಿಯುಸಿ, ಅಂದರೆ 12ನೇ ತರಗತಿ' ಅಂತ ಬಿಡಿಸಿ ಬರೆಯಿರಿ. ಉತ್ತರ ಬಂದ ಮೇಲೆ ಆ ಇಮೇಲ್ ಅಳಿಸಬೇಡಿ. ಕಾಲೇಜು ಸೇರಿದ ಮೇಲೆ ಫಸ್ಟ್ ಜೆನ್ ಕಚೇರಿಗೆ ಹೋದಾಗ, ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವಾಗ ಅದನ್ನೇ ತೋರಿಸಬಹುದು.